ಮಾರಾಟವಾಗದ ಔಷಧಿಗೆ ಹಣ ಹೊಂದಿಸಿದ ನನ್ನ ಅನುಭವ

ವಿರಾಜಪೇಟೆಯ ಸಣ್ಣ ಆಸ್ಪತ್ರೆಯೊಂದರ ಔಷಧಾಲಯ ನನ್ನ ಹೊಣೆ. ಬೇರೆ ಯಾವುದೂ ನಾಟದಾಗ ಮಾತ್ರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ‘ರಿಸರ್ವ್’ ಗುಂಪಿಗೆ ಸೇರಿಸಿರುವ ಆ್ಯಂಟಿಬಯೋಟಿಕ್‌ಗಳನ್ನು ನಮ್ಮಂಥ ಊರುಗಳಲ್ಲಿ ದಾಸ್ತಾನು ಇಡಲು ಯಾರೂ ಮುಂದಾಗುವುದಿಲ್ಲ. ಮಾರಾಟವಾದರಷ್ಟೇ ಲಾಭ, ಅವಧಿ ಮೀರಿದರೆ ಪೂರ್ತಿ ನಷ್ಟ. ಆದರೆ ಮಳೆಗಾಲದಲ್ಲಿ ಮರ ಉರುಳಿ ರಸ್ತೆ ಬಂದ್ ಆದಾಗ, ರಕ್ತಕ್ಕೆ ಸೋಂಕು ಏರಿದ ರೋಗಿ ಮೈಸೂರಿನಿಂದ ಔಷಧಿ ಬರುವವರೆಗೆ ಕಾಯಲಾರ.

ಆದ್ದರಿಂದ ಸುತ್ತಲಿನ ಕೆಲವು ನರ್ಸಿಂಗ್ ಹೋಮ್‌ಗಳ ವೈದ್ಯರನ್ನು ಒಪ್ಪಿಸಿ, ಬಳಸಿದರೂ ಬಳಸದಿದ್ದರೂ ವರ್ಷಕ್ಕೆ ಇಂತಿಷ್ಟೇ ಎಂಬ ವಂತಿಗೆ ಗೊತ್ತುಮಾಡಿದೆ. ಆ ಗುಂಪಿನ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಔಷಧಿಯನ್ನು ಮೂತ್ರಪಿಂಡ ಸರಿಯಿರುವ ವಯಸ್ಕರಿಗೆ 8 ಗಂಟೆಗೊಮ್ಮೆ 2.5 ಗ್ರಾಂ ಕೊಡುತ್ತಾರೆ, ಅಂದರೆ ದಿನಕ್ಕೆ 3 ವಯಲ್ (ಇಂಜೆಕ್ಷನ್ ಸೀಸೆ). ಹೊಸ ಸರಕು ಬರುವವರೆಗೆ 2 ದಿನ ಸಾಗಲೆಂದು 6 ವಯಲ್ ಇಟ್ಟೆವು. ಯಾವ ರೋಗಾಣು ಎಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ರಕ್ತ ಕಳುಹಿಸಿದ ದಾಖಲೆ ಮತ್ತು ಇಬ್ಬರು ವೈದ್ಯರ ಸಹಿ ಇಲ್ಲದೆ ಬೀರುವಿನ ಬೀಗ ತೆಗೆಯುವಂತಿಲ್ಲ. ರೋಗಿಯ ಬಿಲ್ಲಿಗೆ ಕೊಂಡ ದರವಷ್ಟೇ ಸೇರುತ್ತದೆ, ಹೀಗಾಗಿ ಹೆಚ್ಚು ಮಾರಬೇಕೆಂಬ ಆಸೆಗೇ ಎಡೆಯಿಲ್ಲ. ಸುಮ್ಮನೆ ಕೂತಿರುವ ವಸ್ತುವಿಗೆ ದುಡ್ಡೇಕೆ ಎಂದು ಕೇಳಿದವರಿದ್ದರು. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಇರಲೆಂದು ತೋಟದಲ್ಲಿ ಸ್ಪ್ರಿಂಕ್ಲರ್ ಇಟ್ಟುಕೊಂಡವರಿಗೆ ಅದನ್ನು ವಿವರಿಸುವುದು ಕಷ್ಟವಾಗಲಿಲ್ಲ.

ಇದು ನಾನು ಹುಟ್ಟುಹಾಕಿದ ವಿಚಾರವಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯು 2022ರಲ್ಲಿ ಇದೇ ಔಷಧಿಗೂ ಸೆಫಿಡೆರೊಕಾಲ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ಗೂ, ಎಷ್ಟು ಬಳಕೆಯಾಯಿತು ಎಂಬುದನ್ನು ಲೆಕ್ಕಿಸದೆ, ತಲಾ ವರ್ಷಕ್ಕೆ 1 ಕೋಟಿ ಪೌಂಡ್‌ವರೆಗೆ ಕೊಡುವ ಒಪ್ಪಂದ ಮಾಡಿಕೊಂಡಿತು. ಅಂಥ ಏರ್ಪಾಡಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಕಾವೊಜೆನ್ ಕಂಪನಿ ಸಾಕ್ಷಿ: 2018ರಲ್ಲಿ ಅದರ ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಅನುಮತಿ ಸಿಕ್ಕಿತು, 2019ರಲ್ಲಿ ಕಂಪನಿಯೇ ದಿವಾಳಿಯಾಯಿತು. ಸಂಶೋಧನೆಗೆ ಅನುದಾನ ಕೊಟ್ಟು, ಔಷಧಿ ಬಂದ ಮೇಲೆ ಅದನ್ನು ಮಾರುಕಟ್ಟೆಯ ಪಾಲಿಗೆ ಬಿಟ್ಟರೆ ಹೀಗೇ ಆಗುತ್ತದೆ.

ನಮ್ಮಲ್ಲೂ ಔಷಧಿಗಳು ಹುಟ್ಟುತ್ತಿವೆ. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್ಮೆಟಾಜೊಬ್ಯಾಕ್ಟಮ್ ಇದೆ, ಜೈವಿಕ ತಂತ್ರಜ್ಞಾನದ ಸಂಶೋಧನೆಗೆ ನೆರವಾಗುವ ಕೇಂದ್ರದ ಬೈರಾಕ್ ಸಂಸ್ಥೆಯ ಬೆಂಬಲದಿಂದ ವೊಕ್ಹಾರ್ಟ್ ಕಂಪನಿ ರೂಪಿಸಿದ ನಾಫಿಥ್ರೊಮೈಸಿನ್ ಇದೆ. ಇಂಥವನ್ನು ಮಿತವಾಗಿ ಬಳಸಿ ಎಂದು ವೈದ್ಯರಿಗೆ ಹೇಳುವ ಸರ್ಕಾರವೇ, ಜಿಲ್ಲಾ ಆಸ್ಪತ್ರೆಗಳಲ್ಲಿ ಅವು ಸದಾ ಸಿಗುವಂತೆ ತಯಾರಕರಿಗೆ ವಾರ್ಷಿಕ ನಿಗದಿತ ಮೊತ್ತ ಕೊಡಬೇಕು. ನಮ್ಮ ವಂತಿಗೆಯಿಂದ ಒಂದು ಬೀರು ತುಂಬಬಹುದೇ ಹೊರತು, ಹೊಸ ಔಷಧಿ ಕಂಡುಹಿಡಿದವರನ್ನು ಉಳಿಸುವಷ್ಟು ಹಣ ಸರ್ಕಾರದ ಬಳಿ ಮಾತ್ರ ಇದೆ.