ಭರತಿಯೊಡನೆ ಏರಿ, ಇಳಿತದೊಡನೆ ಇಳಿದು: ಅಘನಾಶಿನಿಯಲ್ಲಿ ಒಂದು ದಿನ

ಉತ್ತರ ಕನ್ನಡದ ಅಘನಾಶಿನಿ ಹೊಳೆಯಲ್ಲಿ ದೋಣಿ ಹತ್ತುವ ಹೊತ್ತನ್ನು ನಾನು ಪಂಚಾಂಗ ನೋಡಿ ಗೊತ್ತುಮಾಡುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಲ್ಲಿ ಬೆಳಗಿನ ಜಾವ ನೀರು ಪೂರ್ತಿ ಇಳಿದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಭರತಿ ತುಂಬುತ್ತದೆ. ಏಳು ಗಂಟೆಗೆ, ಹೊಳೆ ಕಡಲು ಸೇರುವಲ್ಲಿನ ತದಡಿಯಿಂದ ಹೊರಟರೆ ಸಮುದ್ರವೇ ದೋಣಿಯನ್ನು ಒಳನಾಡಿಗೆ ತಳ್ಳುತ್ತದೆ. ಮಧ್ಯಾಹ್ನ ಮಿರ್ಜಾನದ ಕಡೆ ಊಟ, ಆಮೇಲೆ ಇಳಿತದೊಡನೆ ವಾಪಸು. ದಿನಕ್ಕೆ ಸುಮಾರು 50 ನಿಮಿಷದಂತೆ ಭರತಿ ತಡವಾಗುತ್ತ ಹೋಗುವುದರಿಂದ ಅಷ್ಟಮಿಯ ಹೊತ್ತಿಗೆ ಈ ಲೆಕ್ಕ ತಿರುಗಿಬೀಳುತ್ತದೆ. ಸೆಳೆತವೂ ಆಗ ಮಂದ.

ನಾನು ಬಯಸುವುದು ಮೋಟಾರಿಲ್ಲದ ದೋಣಿ. ಇಂಜಿನ್ನಿನ ಸದ್ದಿಗೆ ಬೆಳ್ಳಕ್ಕಿಗಳು ದೂರದಲ್ಲೇ ಏಳುತ್ತವೆ. ಹುಟ್ಟು ಹಾಕುತ್ತ ಹೋದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದವರೆಗೂ ಹೋಗಬಹುದು, ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ಕೈಯಳತೆಯಲ್ಲಿ ನೋಡಬಹುದು. ದೋಣಿ ನಡೆಸುವವರು ಈ ನೀರಲ್ಲೇ ಮೀನು ಹಿಡಿದು ಬದುಕುವವರು. "ನೀರು ಏರ್ತಾ ಅದೆ, ಬನ್ನಿ" ಎಂದು ಅವರು ಕರೆದ ಮೇಲೆಯೇ ಹತ್ತುತ್ತೇನೆ. ಲೈಫ್ ಜಾಕೆಟ್ ನನ್ನದೇ ಒಯ್ಯುತ್ತೇನೆ. ಮಳೆಗಾಲದಲ್ಲಿ ಹೋಗುವುದೇ ಇಲ್ಲ; ನವೆಂಬರಿನಿಂದ ಫೆಬ್ರವರಿ ನನ್ನ ಕಾಲ.

ಏರುವಾಗ ದಾರಿ ಐಗಳಕೂರ್ವೆ ಎಂಬ ನಡುಗಡ್ಡೆಯ ಪಕ್ಕದಲ್ಲಿ ಹಾಯುತ್ತದೆ. ಕಾಗಾಲ, ಮಾಣಿಕಟ್ಟೆ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ, ಕಗ್ಗ ಬೆಳೆಯುತ್ತಿದ್ದರು, ಕೆಲವರು ಈಗಲೂ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆಯುವ, ಆಳೆತ್ತರ ಬೆಳೆಯುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಒಂದೇ ನೆಲದಿಂದ ಅನ್ನವನ್ನೂ ಮೀನನ್ನೂ ತೆಗೆಯುವ ಈ ಬೇಸಾಯ ಸೊರಗುತ್ತಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಹೆದ್ದಾರಿ ಸೇತುವೆ ಕಂಡಲ್ಲಿಗೆ ನನ್ನ ಪಯಣದ ತುದಿ. ಊಟ ಕಟ್ಟಿಕೊಂಡೇ ಹೋಗಿರುತ್ತೇನೆ: ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ಮಜ್ಜಿಗೆ. ಭರತಿ ತುಂಬಿದ ಮೇಲೆ ಸ್ವಲ್ಪ ಹೊತ್ತು ನೀರು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಲ್ಲುತ್ತದೆ. ಆಗ ಹುಟ್ಟು ಒಳಗಿಟ್ಟು ಮಲಗಿಬಿಡಬಹುದು.

ನನಗೆ ಹೆಚ್ಚು ಇಷ್ಟ ವಾಪಸು ಬರುವ ದಾರಿ. ನಾಲ್ಕರ ಸುಮಾರಿಗೆ ಹೊಳೆಯ ನಡುವೆಯೇ ದಿಬ್ಬಗಳು ತಲೆಯೆತ್ತುತ್ತವೆ. ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿದು ಮರಳಿನಡಿಯ ಬಳಚನ್ನು (ಎರಡು ಚಿಪ್ಪಿನ ಜೀವಿ) ಕೈಯಿಂದ ತಡವಿ ತೆಗೆಯುತ್ತಾರೆ. ಬೆಳಿಗ್ಗೆ ನಾವು ದೋಣಿಯಲ್ಲಿ ದಾಟಿದ ಜಾಗದಲ್ಲೇ ಈಗ ಮೊಣಕಾಲುದ್ದ ನೀರು. ಅಣೆಕಟ್ಟಿಲ್ಲದ ಹೊಳೆಯಾದ್ದರಿಂದ ಘಟ್ಟದ ಸಿಹಿನೀರು ಅಡೆತಡೆಯಿಲ್ಲದೆ ಬಂದು ಉಪ್ಪುನೀರಿಗೆ ಬೆರೆಯುತ್ತದೆ; ಬಳಚು ಇಷ್ಟು ಸಮೃದ್ಧವಾಗಿರುವುದಕ್ಕೆ ಆ ಬೆರಕೆಯೂ ಕಾರಣ. 2024ರಲ್ಲಿ ಈ ಅಳಿವೆ, ಅಂದರೆ ಹೊಳೆ ಕಡಲಿಗೆ ಬೆರೆಯುವ ಈ ಜಾಗ, ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾನು ನೆನೆದದ್ದು ಈ ಬುಟ್ಟಿ ಹಿಡಿದವರನ್ನು. ಅವರು ದುಡಿಯುವಾಗ ದೋಣಿಯನ್ನು ದೂರದಿಂದಲೇ ಒಯ್ಯಲು ಹೇಳುತ್ತೇನೆ, ಕ್ಯಾಮೆರಾ ತೆಗೆಯುವುದಿಲ್ಲ.

ಕೊನೆಯ ಭಾಗದಲ್ಲಿ ಎಚ್ಚರ ಬೇಕು. ಸಂಜೆ ಕಡಲಗಾಳಿ ಎದುರಿಗೆ ಬೀಸುತ್ತದೆ, ಇಳಿತದ ಸೆಳೆತ ಅದಕ್ಕೆ ವಿರುದ್ಧ ಓಡುತ್ತದೆ. ಎರಡೂ ಸೇರಿ ಅಳಿವೆಬಾಯಿಯ ಹತ್ತಿರ ಅಲೆ ಎಬ್ಬಿಸುತ್ತವೆ. ಹಾಗಾಗಿ ನಾವು ಬಾಯಿಯವರೆಗೆ ಹೋಗದೆ ದಡದ ಮಗ್ಗುಲಲ್ಲೇ ಸಾಗಿ, ಬೆಳಕಿರುವಾಗಲೇ ತದಡಿಯಲ್ಲಿ ಇಳಿಯುತ್ತೇವೆ. ಅಲ್ಲಿಂದ ಗೋಕರ್ಣಕ್ಕೆ ಬಸ್ಸು ಹಿಡಿಯಬಹುದು. ಕುಮಟಾ ಕಡೆಯವರಾದರೆ ತಾರಿದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟುವುದು ಹತ್ತಿರದ ದಾರಿ.