ಕಿಂದರಿಜೋಗಿಯ ಕೈಹಿಡಿದು ಕುವೆಂಪು ಪಾಠ: ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ಹಲವು ವರ್ಷ ಕುವೆಂಪು ಅವರನ್ನು ಕವಿಪರಿಚಯದ ನಾಲ್ಕು ಸಾಲುಗಳಲ್ಲೇ ಹೇಳಿ ಮುಗಿಸುತ್ತಿದ್ದೆ. 1904ರ ಡಿಸೆಂಬರ್ 29ರಂದು ಜನನ, ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಕನ್ನಡಕ್ಕೆ ಮೊದಲ ಜ್ಞಾನಪೀಠ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಿದ್ದರು. ಬರೆದವರ ದನಿ ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ. ಆ ತಪ್ಪು ನನ್ನದು.

ಒಂದು ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಏಳನೆಯ ತರಗತಿಯವರಿಂದ ಕುವೆಂಪು ಅವರ ಮಕ್ಕಳ ಕಥನಪದ್ಯ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಆಡಿಸಲು ತೊಡಗಿದೆ. ಮೊದಲ ವಾರ ಮಾತಿನ ಅರ್ಥವನ್ನೇ ಹೇಳಲಿಲ್ಲ. ನಾಲ್ಕು ನಾಲ್ಕು ಮಾತ್ರೆಗಳ ಗಣಗಳಿಗೆ ಮಕ್ಕಳು ಬೆಂಚು ತಟ್ಟುತ್ತ ಹೋದರು; ಇಲಿಗಳು ಹೊರಬರುವ ಭಾಗದಲ್ಲಿ ಕವಿ ಇಲಿಗಳಿಗೂ ಅಣ್ಣ, ತಮ್ಮ, ಮಾವ, ಭಾವ ಎಂಬ ನೆಂಟಸ್ತಿಕೆಯನ್ನು ಕಟ್ಟಿಕೊಡುವಾಗ ತಾಳ ತಾನಾಗಿಯೇ ಚುರುಕಾಯಿತು, ಸದಾ ತಡವರಿಸುತ್ತಿದ್ದ ಹುಡುಗಿಯೊಬ್ಬಳು ಒಂದೇ ಉಸಿರಿಗೆ ಅದನ್ನು ಹೇಳಿ ಮುಗಿಸಿದಳು. ಮಕ್ಕಳ ಪದ್ಯದಲ್ಲಿ ಲಯವೇ ಅರ್ಥದ ಮೊದಲ ಪದರ ಎಂಬುದನ್ನು ನಾನು ಅಂದು ಅವಳಿಂದ ಕಲಿತೆ.

ಆಮೇಲೆ ಕಥೆಯ ಮೂಲವನ್ನು ಹೇಳಿದೆ. ಅದು ಜರ್ಮನಿಯ ಹ್ಯಾಮೆಲಿನ್ ಊರಿನ ದಂತಕಥೆ: ಕೊಳಲೂದಿ ಊರಿನ ಇಲಿಗಳನ್ನೆಲ್ಲ ಹೊಳೆಗೆ ಬೀಳಿಸಿದವನು, ಒಪ್ಪಿದ ಹಣ ಸಿಗದಾಗ ಊರಿನ ಮಕ್ಕಳನ್ನೇ ಹಿಂದೆ ಕರೆದೊಯ್ದದ್ದು. ರಾಬರ್ಟ್ ಬ್ರೌನಿಂಗ್ ಅದನ್ನು ಇಂಗ್ಲಿಷ್ ಕವಿತೆಯಾಗಿಸಿದ್ದರು. ಕುವೆಂಪು ಇಪ್ಪತ್ತರ ಹರೆಯದಲ್ಲಿ ಅದನ್ನು ಕನ್ನಡಕ್ಕೆ ತಂದಾಗ ಊರು ತುಂಗೆಯ ಬಲದಂಡೆಗೆ ಬಂತು, ಮೇಯರ್ ಹೋಗಿ ಗೌಡ ಬಂದ, ಕೊಳಲಿನ ಜಾಗದಲ್ಲಿ ಕಿಂದರಿ ಮಿಡಿಯಿತು. ಮೊದಲು ಇಂಗ್ಲಿಷಿನಲ್ಲಿಯೇ ಪದ್ಯ ಬರೆಯುತ್ತಿದ್ದ ಈ ತರುಣನಿಗೆ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ್ದರು. ಆ ಮಾತಿನ ಫಲವನ್ನು ಮಕ್ಕಳಿಗೆ ತೋರಿಸಲು ಈ ಪದ್ಯಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ತಾಲೀಮಿನ ಕೊನೆಯ ಭಾಗದಲ್ಲಿ ಜೋಗಿಯ ಹಿಂದೆ ಮಕ್ಕಳೆಲ್ಲ ಹೊರಟುಹೋಗಿ, ಕುಂಟ ಹುಡುಗನೊಬ್ಬನೇ ಹಿಂದೆ ಉಳಿಯುತ್ತಾನೆ. ಆ ಪಾತ್ರ ಮಾಡುತ್ತಿದ್ದ ಹುಡುಗ ಖಾಲಿ ವೇದಿಕೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, “ಸಾರ್, ಇವನು ನಾಳೆಯಿಂದ ಯಾರ ಜೊತೆ ಆಡ್ಬೇಕು?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಮರುದಿನ ‘ಮಲೆಗಳಲ್ಲಿ ಮದುಮಗಳು’ ಪುಸ್ತಕವನ್ನು ತರಗತಿಗೆ ಕೊಂಡೊಯ್ದೆ.

ಅಷ್ಟು ದೊಡ್ಡ ಕಾದಂಬರಿಯನ್ನು ಹನ್ನೆರಡು ವರ್ಷದವರ ಮುಂದಿಡುವುದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇಡೀ ಕಾದಂಬರಿ ಅವರಿಗಲ್ಲ, ನಿಜ. ಆದರೆ 1967ರಲ್ಲಿ, ಅರವತ್ತು ದಾಟಿದ ಮೇಲೆ ಪ್ರಕಟಿಸಿದ ಈ ಕೃತಿಯ ಬಾಗಿಲಲ್ಲೇ ಕುವೆಂಪು, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ಮಾತನ್ನು ನಿಲ್ಲಿಸಿದ್ದಾರೆ. ಹಿಂದೆ ಉಳಿದವನ ಬಗ್ಗೆ ಕೇಳಿದ ಹುಡುಗನಿಗೆ ಆ ಮಾತು ತಲುಪಲೇಬೇಕಿತ್ತು. ಸಿಂಬಾವಿ ಹೆಗ್ಗಡೆಯವರ ಆಳಾದ ಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ಮಲೆಯ ಹಾದಿ ನಡೆಯುವ ಪುಟಗಳನ್ನು ಆರಿಸಿಕೊಂಡು, ದಿನಕ್ಕೆ ಹತ್ತು ನಿಮಿಷದಂತೆ ಗಟ್ಟಿಯಾಗಿ ಓದಿದೆ. ಜಿಗಣೆ, ಕಂಬಳಿ ಕೊಪ್ಪೆಗಳನ್ನು ನಮ್ಮ ಬಯಲುಸೀಮೆಯ ಮಕ್ಕಳಿಗೆ ವಿವರಿಸಬೇಕಾಯಿತು, ನಾಯಿಯನ್ನು ವಿವರಿಸಬೇಕಾಗಲಿಲ್ಲ. ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕಳೆದುಹೋಗುವ ಭಾಗಕ್ಕೆ ಬಂದಾಗ ತರಗತಿ ಮೌನವಾಯಿತು. ಇಲಿಗಳು ಬಿದ್ದದ್ದೂ ಇದೇ ಹೊಳೆಗೆ ಅಲ್ಲವೇ ಎಂದು ಯಾರೋ ಮೆಲ್ಲಗೆ ಅಂದರು. ಮಕ್ಕಳ ಕವಿ ಮತ್ತು ಕಾದಂಬರಿಕಾರ ಎಂದು ನಾನು ಎರಡು ಸಾಲುಗಳಲ್ಲಿ ಬೇರೆ ಬೇರೆ ಬರೆಸುತ್ತಿದ್ದುದನ್ನು ಆ ಮಗು ಒಂದೇ ನದಿಯಾಗಿ ಕಂಡಿತ್ತು.

ಆ ಡಿಸೆಂಬರಿನ ಪ್ರವಾಸಕ್ಕೆ ಕುಪ್ಪಳಿಯನ್ನೇ ಆರಿಸಿದೆವು. ಕವಿಮನೆಯ ತೊಟ್ಟಿಯನ್ನೂ ಕವಿಶೈಲದ ಕಲ್ಲುಗಳನ್ನೂ ನೋಡಿ, ಹಿಂತಿರುಗುವಾಗ ತೀರ್ಥಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಹೊಳೆಗೆ ಇಳಿದೆವು. ಕುಂಟನ ಪಾತ್ರ ಮಾಡಿದ್ದ ಹುಡುಗ ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತು, ಬಲಗೈಯನ್ನು ಚಾಚಿ, ಬೊಮ್ಮನಹಳ್ಳಿ ಈ ಕಡೆಗೇ ಇರಬೇಕು ಎಂದು ಉಳಿದವರಿಗೆಲ್ಲ ತೋರಿಸುತ್ತಿದ್ದ.