ಹಿಮದೂರಿಗೆ ಬಾಡಿಗೆ ವಿಮಾನ: ಮೊದಲು ರನ್‌ವೇ ನೋಡಿ, ಆಮೇಲೆ ವಿಮಾನ

ಹನ್ನೊಂದು ಜನ, ಹನ್ನೊಂದು ಜೊತೆ ಸ್ಕೀ, ನಾಲ್ಕು ದಿನದ ರಜೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ನಮ್ಮ ಗೆಳೆಯರ ಬಳಗ ಕೊಲೊರಾಡೋದ ಆಸ್ಪೆನ್‌ಗೆ ಬಾಡಿಗೆ ವಿಮಾನದಲ್ಲಿ ಹೋಗೋಣವೆಂದು ನಿರ್ಧರಿಸಿದ ದಿನ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾವ ವಿಮಾನ? ಏರ್ಪಾಟಿನ ಹೊಣೆ ನನ್ನ ಹೆಗಲಿಗೆ ಬಿತ್ತು. ಎರಡು ಚಳಿಗಾಲ ಅದನ್ನು ಹೊತ್ತ ಮೇಲೆ ಹೇಳುತ್ತೇನೆ, ಆ ಪ್ರಶ್ನೆ ಬರಬೇಕಾದದ್ದು ನಾಲ್ಕನೆಯದಾಗಿ. ಮೊದಲು ನಿಲ್ದಾಣ, ನಂತರ ಅಲ್ಲಿನ ಗಾಳಿ, ನಂತರ ನಿಮ್ಮ ಸಾಮಾನು. ಈ ಮೂರೂ ಗೊತ್ತಾದರೆ ವಿಮಾನದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಹೆಜ್ಜೆ 1: ನಿಲ್ದಾಣದ ಜಾತಕ ಬರೆದುಕೊಳ್ಳಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಸುಮಾರು 6,330 ಅಡಿ. ಆಸ್ಪೆನ್‌ನ ರನ್‌ವೇ ಇರುವುದು 7,800 ಅಡಿಗೂ ಮೇಲೆ. ಅದೇ ಕೊಲೊರಾಡೋದ ಟೆಲ್ಯುರೈಡ್‌ನದು 9,070 ಅಡಿ ಎತ್ತರದಲ್ಲಿ, ಪ್ರಪಾತದ ಅಂಚಿನ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿನ ಇನ್ನೊಂದು ಸ್ಕೀ ಊರಾದ ವೇಲ್‌ಗೆ ಹೋಗುವವರು ಇಳಿಯುವ ಈಗಲ್ ನಿಲ್ದಾಣ ಇವುಗಳಲ್ಲೆಲ್ಲ ಸೌಮ್ಯವಾದುದು, ಆದರೂ 6,547 ಅಡಿ. ಎಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎತ್ತರದಲ್ಲಿ ನಿಮ್ಮ ವಿಮಾನ ಇಳಿಯಬೇಕು, ಮತ್ತೆ ಅಲ್ಲಿಂದಲೇ ಏರಬೇಕು.

ಎತ್ತರದ ಜೊತೆಗೆ ರನ್‌ವೇಯ ಉದ್ದ, ಸುತ್ತಲಿನ ಬೆಟ್ಟಗಳು ಮತ್ತು ನಿಲ್ದಾಣದ ನಿಯಮಗಳನ್ನೂ ಬರೆದುಕೊಳ್ಳಿ. ಆಸ್ಪೆನ್‌ನಲ್ಲಿ ರನ್‌ವೇ ಸುಮಾರು 8,000 ಅಡಿ ಉದ್ದವಿದ್ದರೂ ಕಣಿವೆ ದಕ್ಷಿಣಕ್ಕೆ ಮುಚ್ಚಿಕೊಂಡಿದೆ. ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಉತ್ತರದಿಂದ ಬಂದು ಇಳಿಯುತ್ತವೆ, ಹೊರಡುವಾಗ ಉತ್ತರಕ್ಕೇ ಏರುತ್ತವೆ. ಕಣಿವೆಯಲ್ಲಿ ಕೆಳಗಿನಿಂದ ಗಾಳಿ ಬೀಸಿದರೆ ಇಳಿಯುವ ವಿಮಾನಕ್ಕೆ ಅದು ಬೆನ್ನ ಹಿಂದಿನ ಗಾಳಿ. ಬಹಳಷ್ಟು ವಿಮಾನಗಳಿಗೆ ಬೆನ್ನುಗಾಳಿಯ ಮಿತಿ 10 ನಾಟ್, ಎಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್. ಬೇರೆ ಊರಿನಲ್ಲಿ ಆ ಕಡೆಯಿಂದ ಇಳಿಯಲಾಗದಿದ್ದರೆ ಈ ಕಡೆಯಿಂದ ಇಳಿಯಬಹುದು. ಇಲ್ಲಿ ಆ ಅನುಕೂಲ ಇಲ್ಲವೆಂದೇ ತಿಳಿಯಿರಿ. 2014ರ ಜನವರಿಯಲ್ಲಿ ಇಂಥ ಬೆನ್ನುಗಾಳಿಯಲ್ಲಿ ಇಳಿಯಲು ಹೋದ ಚಾಲೆಂಜರ್ ಜೆಟ್ ಒಂದು ಅಪಘಾತಕ್ಕೀಡಾಗಿ ಒಬ್ಬರು ಸತ್ತರು.

ಆಸ್ಪೆನ್‌ನಲ್ಲಿ ರಾತ್ರಿ 11ರಿಂದ ಬೆಳಗಿನ 7ರವರೆಗೆ ಹಾರಾಟವಿಲ್ಲ. ರೆಕ್ಕೆಗಳ ತುದಿಯಿಂದ ತುದಿಯವರೆಗಿನ ಅಗಲಕ್ಕೂ 95 ಅಡಿಯ ಮಿತಿಯಿದೆ. ಗಲ್ಫ್‌ಸ್ಟ್ರೀಮ್ 550 ಅದರೊಳಗೆ ಬರುತ್ತದೆ. ಅದಕ್ಕಿಂತ ದುಬಾರಿಯಾದ 650ರ ರೆಕ್ಕೆ 99 ಅಡಿ ದಾಟುವುದರಿಂದ ಅದಕ್ಕೆ ಪ್ರವೇಶವಿಲ್ಲ. ದುಡ್ಡಿದ್ದ ಮಾತ್ರಕ್ಕೆ ಎಲ್ಲ ವಿಮಾನವೂ ಎಲ್ಲ ಊರಿಗೂ ಹೋಗುವುದಿಲ್ಲ.

ಯುರೋಪಿನಲ್ಲಿರುವ ಓದುಗರಿಗೆ ಒಂದು ಮಾತು. ಫ್ರಾನ್ಸಿನ ಕೂರ್ಶೆವೆಲ್‌ನ ರನ್‌ವೇ ಕೇವಲ 537 ಮೀಟರ್, ಅದೂ ಕಡಿದಾದ ಇಳಿಜಾರು. ಅಲ್ಲಿಗೆ ವಿಶೇಷ ಅರ್ಹತೆ ಪಡೆದ ಪೈಲಟ್‌ಗಳೇ ಬೇಕು. ಗುಂಪಿನ ಪ್ರವಾಸಕ್ಕೆ ಕೆಳಗಿನ ಶಾಂಬೆರಿಯಲ್ಲಿ ಇಳಿದು ರಸ್ತೆ ಹಿಡಿಯುವುದೇ ಸರಿ.

ಹೆಜ್ಜೆ 2: ತೆಳುಗಾಳಿಯ ಲೆಕ್ಕ ಕೇಳಿ

8,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು ಮಾತ್ರ. ರೆಕ್ಕೆಗೆ ಆತು ಮೇಲೇಳಲು ಗಾಳಿ ಕಡಿಮೆ, ಎಂಜಿನ್ನಿಗೆ ಉಸಿರಾಡಲೂ ಕಡಿಮೆ. ಪೈಲಟ್‌ನ ಮೀಟರಿನಲ್ಲಿ ವೇಗ ಎಂದಿನಷ್ಟೇ ಕಂಡರೂ ನೆಲದ ಮೇಲೆ ವಿಮಾನ ಸುಮಾರು ಎಂಟನೇ ಒಂದು ಪಾಲು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಆದ್ದರಿಂದ ನಿಲ್ಲಲು ಹೆಚ್ಚು ರನ್‌ವೇ ಬೇಕು, ಏರಲು ಇನ್ನೂ ಹೆಚ್ಚು.

ಬಿಸಿಲು ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಆಸ್ಪೆನ್‌ನ ಎತ್ತರಕ್ಕೆ ಪ್ರಮಾಣಿತ ಉಷ್ಣತೆ ಶೂನ್ಯ ಡಿಗ್ರಿಯ ಆಸುಪಾಸು. ಅದಕ್ಕಿಂತ ಏರಿದ ಪ್ರತಿ ಡಿಗ್ರಿಗೂ ವಿಮಾನದ ಪಾಲಿಗೆ ನಿಲ್ದಾಣ ಸುಮಾರು 120 ಅಡಿ ಮೇಲೇರಿದಂತೆ. ಮಾರ್ಚ್ ತಿಂಗಳ ಮಧ್ಯಾಹ್ನ 10 ಡಿಗ್ರಿ ಇದ್ದರೆ ನಿಮ್ಮ ವಿಮಾನ 9,000 ಅಡಿಯಿಂದ ಏರುತ್ತಿದೆ ಎಂದೇ ಲೆಕ್ಕ. ಹಿಂದಿರುಗುವ ಹಾರಾಟವನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಅಮೆರಿಕದ ನಿಯಮದಂತೆ ಬಾಡಿಗೆ ಜೆಟ್ ಸಾಮಾನ್ಯವಾಗಿ ರನ್‌ವೇಯ 60 ಶೇಕಡಾ ಉದ್ದದೊಳಗೆ ನಿಲ್ಲುವಂತಿರಬೇಕು. ವಿಶೇಷ ಅನುಮೋದನೆ ಪಡೆದ ಸಂಸ್ಥೆಗಳಿಗೆ ಈ ಮಿತಿ 80ರವರೆಗೆ ಸಡಿಲವಾಗುತ್ತದೆ. ಟೆಲ್ಯುರೈಡ್‌ನ 7,111 ಅಡಿಯ ರನ್‌ವೇಯಲ್ಲಿ 60 ಶೇಕಡಾ ಎಂದರೆ ಸುಮಾರು 4,270 ಅಡಿ. ರನ್‌ವೇ ಒದ್ದೆಯಿದ್ದರೆ ಇನ್ನೂ 15 ಶೇಕಡಾ ಹೆಚ್ಚುವರಿ ಉದ್ದ ಬೇಕು. ನೀವು ಈ ಗಣಿತ ಮಾಡಬೇಕಾಗಿಲ್ಲ, ಆದರೆ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ನಮ್ಮ ತೂಕದಲ್ಲಿ, ಆ ತಿಂಗಳ ಹವೆಯಲ್ಲಿ, ಒದ್ದೆ ರನ್‌ವೇಯಲ್ಲಿ ಈ ವಿಮಾನ ಇಳಿಯಬಹುದೇ? ಹೊರಡುವಾಗ ಒಂದು ಎಂಜಿನ್ ಕೆಟ್ಟರೂ ಬೆಟ್ಟಗಳನ್ನು ದಾಟಿ ಏರಲು ಎಷ್ಟು ಜನ, ಎಷ್ಟು ಇಂಧನ ಇಟ್ಟುಕೊಳ್ಳಬಹುದು? ಎಂಟು ಸೀಟಿನ ಜೆಟ್‌ಗೆ ಈ ಎರಡನೆಯ ಪ್ರಶ್ನೆಯ ಉತ್ತರ ಕೆಲವೊಮ್ಮೆ ‘ಐದು ಜನ, ದಾರಿಯಲ್ಲಿ ಒಂದು ಇಂಧನ ನಿಲುಗಡೆ’ ಎಂದಿರುತ್ತದೆ.

ಹೆಜ್ಜೆ 3: ಸ್ಕೀ ಚೀಲಗಳನ್ನು ತೂಗಿ, ಅಳೆಯಿರಿ

ಮೊದಲ ವರ್ಷ ನಾನು ಎಡವಿದ್ದು ಇಲ್ಲಿ. ಸಾಮಾನಿನ ಕೋಣೆ ಎಷ್ಟು ಘನ ಅಡಿ ಎಂದು ಕೇಳಿದ್ದೆ, ಎಷ್ಟು ಉದ್ದ ಎಂದು ಕೇಳಿರಲಿಲ್ಲ. ಹೊರಡುವ ಬೆಳಗ್ಗೆ ಚಿಕ್ಕ ಜೆಟ್‌ನ ಬಾಲದ ಬಳಿ ಇಬ್ಬರು ಸಹಾಯಕರು 186 ಸೆಂಟಿಮೀಟರ್ ಸ್ಕೀ ಇದ್ದ ಚೀಲವನ್ನು ಓರೆಯಾಗಿ, ನೆಟ್ಟಗೆ, ತಲೆಕೆಳಗಾಗಿ ತೂರಿಸಿ ನೋಡಿದರು. ಬಾಗಿಲು ಮುಚ್ಚಲು ಒಂದು ಗೇಣು ಉಳಿದೇ ಬಿಟ್ಟಿತು. ಕೊನೆಗೆ ಆ ಚೀಲ ಮನೆಗೆ ಹಿಂದಿರುಗಿತು. ಅದರ ಒಡೆಯ ಅಲ್ಲಿ ಬಾಡಿಗೆ ಸ್ಕೀಯಲ್ಲೇ ಮೂರು ದಿನ ಕಳೆದ.

ಎರಡನೆಯ ವರ್ಷ ಪ್ರತಿಯೊಬ್ಬರೂ ಚೀಲ ಹೊತ್ತು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಂತರು. ಸ್ಕೀ, ಬೂಟು, ಹೆಲ್ಮೆಟ್ ಸೇರಿದರೆ ಒಬ್ಬೊಬ್ಬರದು 15 ಕಿಲೋ ಸುಲಭವಾಗಿ ದಾಟುತ್ತದೆ. ದೇಹದ ತೂಕ ಹೇಳಲು ಕೆಲವರಿಗೆ ಸಂಕೋಚ. ಏರ್ಪಾಟು ಮಾಡುವ ಒಬ್ಬರಿಗೆ ಮಾತ್ರ ಗುಟ್ಟಾಗಿ ಕಳಿಸಲು ಹೇಳಿ, ಆದರೆ ನಿಜವಾದ ಅಂಕಿಯನ್ನೇ ಕಳಿಸಲು ಹೇಳಿ. ಬೆಟ್ಟದ ರನ್‌ವೇಯಲ್ಲಿ ಸುಳ್ಳು ತೂಕ ಅಪಾಯ.

ಹೆಜ್ಜೆ 4: ಈಗ ವಿಮಾನ

ಆರೇಳು ಜನರಿಗೆ ಸ್ವಿಟ್ಜರ್ಲೆಂಡಿನ ಪ್ರೊಪೆಲ್ಲರ್ ವಿಮಾನ ಪಿಲಾಟಸ್ ಪಿಸಿ-12 ನನ್ನ ಮೊದಲ ಆಯ್ಕೆ. ಚಿಕ್ಕ ರನ್‌ವೇ ಸಾಕು, ಹಿಂಬದಿಯಲ್ಲಿ 1.35 ಮೀಟರ್ ಅಗಲದ ಸರಕು ಬಾಗಿಲಿದೆ, ಸ್ಕೀ ಚೀಲಗಳು ಮಲಗಿದಂತೆ ಒಳಗೆ ಹೋಗುತ್ತವೆ. ಬೇ ಏರಿಯಾದಿಂದ ಆಸ್ಪೆನ್‌ಗೆ ಜೆಟ್ ಎರಡು ತಾಸು ತೆಗೆದುಕೊಂಡರೆ ಇದು ಮೂರು ತಾಸಿನ ಹತ್ತಿರ, ಅಷ್ಟೇ ವ್ಯತ್ಯಾಸ. ಇದಕ್ಕಿರುವುದು ಒಂದೇ ಎಂಜಿನ್. ಬೆಟ್ಟದ ಮೇಲೆ ಹಗಲು ಹೊತ್ತಿನಲ್ಲಿ, ಇಬ್ಬರು ಪೈಲಟ್‌ಗಳಿದ್ದರೆ ನಾನು ಒಪ್ಪುತ್ತೇನೆ. ಕತ್ತಲಾಗುವ ಸಾಧ್ಯತೆಯಿದ್ದರೆ ಎರಡು ಎಂಜಿನ್ನಿನ ಕಿಂಗ್ ಏರ್ 350 ಕೇಳುತ್ತೇನೆ. ಜೆಟ್ಟೇ ಬೇಕೆನ್ನುವವರಿಗೆ ಚಿಕ್ಕ ರನ್‌ವೇಗೆಂದೇ ರೂಪಿಸಿದ, ಸರಕು ಬಾಗಿಲೂ ಇರುವ ಪಿಲಾಟಸ್ ಪಿಸಿ-24 ಇದೆ.

ಎಂಟೊಂಬತ್ತು ಜನರಿಗೆ ಸೈಟೇಷನ್ ಎಕ್ಸೆಲ್‌ಎಸ್ ಅಥವಾ ಚಾಲೆಂಜರ್ 350 ಜೆಟ್. ಹತ್ತು ದಾಟಿದರೆ ಒಂದು ದೊಡ್ಡ ವಿಮಾನಕ್ಕಿಂತ ಎರಡು ಚಿಕ್ಕವು ಲೇಸು ಎನ್ನುವುದು ನನ್ನ ಅಭಿಪ್ರಾಯ. ತೂಕದ ಇಕ್ಕಟ್ಟು ಕಡಿಮೆಯಾಗುತ್ತದೆ, ಒಂದು ಕೆಟ್ಟು ನಿಂತರೆ ಎಲ್ಲರ ರಜೆಯೂ ಹಾಳಾಗುವುದಿಲ್ಲ. ಎರಡನೆಯ ವರ್ಷ ನಾವು ಆರು ಮತ್ತು ಐದಾಗಿ ಎರಡು ಪಿಸಿ-12ರಲ್ಲಿ ಹೋದೆವು. ಮೂವತ್ತರ ಆಸುಪಾಸಿನ ಗುಂಪಿಗೆ ಡಾರ್ನಿಯರ್ 328ರಂಥವು ಸಿಗುತ್ತವೆ. ಅದಕ್ಕೂ ದೊಡ್ಡ ಗುಂಪಾದರೆ 9,000 ಅಡಿಯ ರನ್‌ವೇ ಇರುವ ಈಗಲ್‌ಗೆ ಹೋಗಿ ಬಸ್ ಹಿಡಿಯಿರಿ.

ಹೆಜ್ಜೆ 5: ಹಾರಿಸುವವರು ಯಾರು, ಬಿಲ್ಲಿನಲ್ಲಿ ಏನೇನಿದೆ

ನಿಮ್ಮೊಡನೆ ಮಾತನಾಡುವವರು ಹೆಚ್ಚಾಗಿ ದಲ್ಲಾಳಿಗಳು; ವಿಮಾನ ಹಾರಿಸುವ ಸಂಸ್ಥೆ ಬೇರೆ. ಆ ಸಂಸ್ಥೆಯ ಹೆಸರು, ವಿಮಾನದ ನೋಂದಣಿ ಸಂಖ್ಯೆ, ಅಮೆರಿಕದಲ್ಲಾದರೆ ಬಾಡಿಗೆ ಹಾರಾಟಕ್ಕೆ ಅನುಮತಿ ಕೊಡುವ, ವಿಮಾನಯಾನ ನಿಯಮಗಳ ಭಾಗ 135ರ ಪ್ರಮಾಣಪತ್ರ, ವಿಮೆಯ ದಾಖಲೆ ಇವನ್ನು ಮುಂಗಡ ಕೊಡುವ ಮೊದಲೇ ತರಿಸಿಕೊಳ್ಳಿ. ‘ಪೈಲಟ್‌ಗಳು ಈ ನಿಲ್ದಾಣದಲ್ಲಿ ಮೊದಲು ಇಳಿದಿದ್ದಾರೆಯೇ?’ ಎಂದು ಸಂಕೋಚವಿಲ್ಲದೆ ಕೇಳಿ.

ಬೆಲೆಪಟ್ಟಿಯಲ್ಲಿ 7.5 ಶೇಕಡಾ ಫೆಡರಲ್ ತೆರಿಗೆ ಸೇರಿದೆಯೇ ನೋಡಿ. ರೆಕ್ಕೆಯ ಮೇಲಿನ ಮಂಜು ತೆಗೆಯುವ ಖರ್ಚು ಬಹುತೇಕ ಬೇರೆಯಾಗಿಯೇ ಬರುತ್ತದೆ: ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವ, ಹಿಮ ಬೀಳುತ್ತಿದ್ದರೆ ಅದರ ಮೇಲೆ ಹಸಿರು ದ್ರವ. ಒಂದು ಬೆಳಗ್ಗೆಗೇ ಸಾವಿರಾರು ಡಾಲರ್ ಆಗಬಹುದು. ಕ್ರಿಸ್‌ಮಸ್ ಮತ್ತು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯದಲ್ಲಿ ನಿಲ್ದಾಣದಲ್ಲಿ ಜಾಗ ಸಿಗದೆ ವಿಮಾನ ನಿಮ್ಮನ್ನು ಇಳಿಸಿ ಬೇರೆ ಊರಿಗೆ ಹೋಗಿ ನಿಲ್ಲಬೇಕಾಗುತ್ತದೆ. ಆ ಖಾಲಿ ಹಾರಾಟದ ಖರ್ಚು ಯಾರದು ಎಂಬುದು ಕರಾರಿನಲ್ಲಿರಲಿ.

ಹೆಜ್ಜೆ 6: ಇಳಿಯಲಾಗದಿದ್ದರೆ ಎಲ್ಲಿಗೆ?

2001ರ ಮಾರ್ಚ್ 29ರ ಸಂಜೆ ಲಾಸ್ ಏಂಜಲೀಸ್‌ನಿಂದ ಆಸ್ಪೆನ್‌ಗೆ ಹೊರಟ ಬಾಡಿಗೆ ಗಲ್ಫ್‌ಸ್ಟ್ರೀಮ್ 3 ಕತ್ತಲಲ್ಲಿ, ಹಿಮದ ನಡುವೆ ರನ್‌ವೇ ತಲುಪುವ ಮೊದಲೇ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 18 ಮಂದಿಯೂ ಸತ್ತರು. ರನ್‌ವೇ ಕಾಣದಿದ್ದರೂ ಪೈಲಟ್‌ಗಳು ನಿಗದಿತ ಎತ್ತರಕ್ಕಿಂತ ಕೆಳಗಿಳಿದರು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆ ಹೇಳಿತು. ಅದಕ್ಕೆ ನೆರವಾದ ಕಾರಣಗಳಲ್ಲಿ ಒಂದನ್ನು ನಾನು ಮರೆಯಲಾರೆ: ಹೊರಡುವುದು ತಡವಾಗಿತ್ತು, ಆ ವಿಮಾನಕ್ಕೆ ಆಗ ಅನ್ವಯಿಸುತ್ತಿದ್ದ, ರಾತ್ರಿ ಇಳಿಯಬಾರದೆಂಬ ನಿರ್ಬಂಧದ ಗಡುವು ಸಮೀಪಿಸಿತ್ತು, ಬಾಡಿಗೆಗೆ ಪಡೆದವರಿಂದ ಕ್ಯಾಪ್ಟನ್ ಮೇಲೆ ಇಳಿಯುವ ಒತ್ತಡವಿತ್ತು.

ಬಾಡಿಗೆಗೆ ಪಡೆಯುವವರು ಎಂದರೆ ನೀವು ಮತ್ತು ನಾನು. ಅದಕ್ಕಾಗಿ ಪರ್ಯಾಯ ನಿಲ್ದಾಣವನ್ನು ಮನೆಯಲ್ಲಿ ಕುಳಿತಿರುವಾಗಲೇ ನಿರ್ಧರಿಸಿ, ಅದಕ್ಕೂ ದುಡ್ಡು ತೆಗೆದಿಡಿ. ಆಸ್ಪೆನ್‌ಗೆ ರೈಫಲ್ ಅಥವಾ ಈಗಲ್, ಟೆಲ್ಯುರೈಡ್‌ಗೆ ಮಾಂಟ್ರೋಸ್. ಅಲ್ಲಿಂದ ವ್ಯಾನ್ ಕಾದಿರಿಸಿ. ಇಳಿಯುವ ಸಮಯವನ್ನು ಮಧ್ಯಾಹ್ನದೊಳಗೆ ಇಡಿ. ಎರಡು ತಾಸು ತಡವಾದರೂ ಹಗಲು ಉಳಿದಿರಬೇಕು. ಹಿಂದಿನ ರಾತ್ರಿ ಗುಂಪಿನ ಎಲ್ಲರಿಗೂ ನಾನು ಕಳಿಸುವ ಸಂದೇಶದಲ್ಲಿ ಒಂದು ಸಾಲು ಖಾಯಂ ಇರುತ್ತದೆ: ‘ಎಲ್ಲಿ ಇಳಿಯಬೇಕೆಂದು ಕ್ಯಾಪ್ಟನ್ ಹೇಳುತ್ತಾರೆ, ನಾವು ಯಾರೂ ಪ್ರಶ್ನಿಸುವುದಿಲ್ಲ.’

ಎರಡನೆಯ ವರ್ಷ ಆಸ್ಪೆನ್ ಕಣಿವೆಯನ್ನು ಹಿಮ ಮುಚ್ಚಿತ್ತು. ಕ್ಯಾಪ್ಟನ್ ನಮ್ಮತ್ತ ತಿರುಗಿ ‘ರೈಫಲ್’ ಎಂದರು, ಅಷ್ಟೇ. ಹಿಂದೆ ಕುಳಿತಿದ್ದ ಆರು ಜನರಲ್ಲಿ ಯಾರೂ ಮಾತನಾಡಲಿಲ್ಲ. ಎರಡೂ ವಿಮಾನಗಳು ಅಲ್ಲಿ ಇಳಿದಾಗ ಹಿಮದ ಟೈರು ಹಾಕಿದ ವ್ಯಾನ್ ಬೇಲಿಯಾಚೆ ನಿಂತಿತ್ತು. ಹನ್ನೊಂದು ಚೀಲ ಏರಿಸಿ, ಪುಳಿಯೋಗರೆಯ ಡಬ್ಬಿ ಬಿಚ್ಚಿ, ಆಸ್ಪೆನ್ ಸೇರುವ ಹೊತ್ತಿಗೆ ಸಂಜೆ ಐದೂವರೆ.